ನಿಂಬೆರಸ, ಅಡುಗೆ ಸೋಡಾ ಉಜ್ಜಿದರೆ ಹಲ್ಲಿನ ಕಂದು ಕಲೆ ಹೋಗುತ್ತದೆಯೇ?

‘ನಿಂಬೆರಸಕ್ಕೆ ಅಡುಗೆ ಸೋಡಾ ಬೆರೆಸಿ ಉಜ್ಜಿ, ಎರಡೇ ನಿಮಿಷದಲ್ಲಿ ಹಲ್ಲು ಫಳಫಳ’ ಎನ್ನುವ ಸಂದೇಶ ನಮಗೂ ಬಂದಿದೆ. ತುಮಕೂರಿನ ಸದಾಶಿವನಗರದಲ್ಲಿರುವವರು ಇದನ್ನು ಪಾವಗಡದ ಕಡೆಯ ನೆಂಟರಿಗೆ ಫಾರ್ವರ್ಡ್ ಮಾಡುವ ಮುನ್ನ ಸ್ವಲ್ಪ ತಾಳಿ.

ಆ ಭಾಗದ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರ್‌ಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು. ಮಗುವಿಗೆ ಸುಮಾರು 8 ವರ್ಷ ತುಂಬುವವರೆಗೆ, ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವಾಗಲೇ, ಅತಿಯಾದ ಫ್ಲೋರೈಡ್ ಎನಾಮಲ್ ಕೆಡಿಸುತ್ತದೆ. ಹಾಗಾಗಿ ಈ ಕಲೆ ಕೊಳೆಯಲ್ಲ, ಹಲ್ಲುಜ್ಜದ ಸೋಮಾರಿತನವೂ ಅಲ್ಲ. ಹೆಣ್ಣು ನೋಡಲು ಹೋಗಿ ಹಲ್ಲು ಕಂಡು ಮೂಗು ಮುರಿಯುವವರಿಗೂ ಇದು ಗೊತ್ತಿರಲಿ.

ನಿಂಬೆರಸದ ಪಿಎಚ್ ಸುಮಾರು 2. ಪಿಎಚ್ 5.5ಕ್ಕಿಂತ ಇಳಿದರೇ ಎನಾಮಲ್ ಕರಗತೊಡಗುತ್ತದೆ, ಕರಗಿ ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಸೋಡಾ ಹಾಕಿದಾಗ ಬರುವ ನೊರೆ ಬರೀ ಕಾರ್ಬನ್ ಡೈಆಕ್ಸೈಡ್. ರಸ ಹೆಚ್ಚಾದರೆ ಆಮ್ಲ ಉಳಿದೇ ಉಳಿಯುತ್ತದೆ. ಕಲೆ ತಿಳಿಯಾಗಿಸಲು ದಂತವೈದ್ಯರ ಬಳಿ ಬ್ಲೀಚಿಂಗ್, ವೆನೀರ್‌ನಂಥ ದಾರಿಗಳಿವೆ.

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮೊದಲು ನೀರು ಪರೀಕ್ಷೆ ಮಾಡಿಸಿ, ಆರ್‌ಒ ನೀರು ಕುಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ.