ಅನುಸ್ಥಾಪಿಸು

ಅನುಸ್ಥಾಪಿಸು (ಕ್ರಿ.) ತಂತ್ರಾಂಶವನ್ನು ಗಣಕಯಂತ್ರದಲ್ಲಿ ನೆಲೆಗೊಳಿಸು.

ಕನ್ನಡದಲ್ಲಿ ಲಿನಕ್ಸ್ ಬಳಸುವವರ ಕಣ್ಣಿಗೆ ಮತ್ತೆ ಮತ್ತೆ ಬೀಳುವ ಪದ. ‘ಅನುಷ್ಠಾಪಿಸು’ ಎಂದು ಬರೆಯುವವರೂ ಇದ್ದಾರೆ. ಮೂಲ ಸಂಸ್ಕೃತದ ‘ಸ್ಥಾ’, ಅಂದರೆ ನಿಲ್ಲು. ಸ್ಥಾಪಿಸು ಎಂದರೆ ನಿಲ್ಲಿಸು. ‘ಅನು’ ಸೇರಿದಾಗ ಸಂಸ್ಕೃತದ ರೂಢಿಯಂತೆ ಸಕಾರ ಷಕಾರವಾಗುತ್ತದೆ. ಅನುಷ್ಠಾನ ಹುಟ್ಟಿದ್ದು ಹಾಗೆ. ಆದರೆ ಆ ಪದಕ್ಕೆ ಜಪತಪ, ಯೋಜನೆಯ ಜಾರಿ ಎಂಬ ಅರ್ಥಗಳು ಗಟ್ಟಿಯಾಗಿವೆ. ಹೊಸ ಪದ ಸಕಾರ ಉಳಿಸಿಕೊಂಡದ್ದೇ ಲೇಸು.

ಈ ಪದ ಯಾವುದಕ್ಕೆ ಸಾಟಿಯೋ ಆ ಇಂಗ್ಲಿಷಿನ ‘ಇನ್‌ಸ್ಟಾಲ್’ ಮಧ್ಯಯುಗದ ಲ್ಯಾಟಿನ್ನಿನಿಂದ ಬಂದದ್ದು: ಇಗರ್ಜಿಯ ಅಧಿಕಾರಿಯನ್ನು ಅವನ ಪೀಠದಲ್ಲಿ ಕೂರಿಸುವುದು. ಯಾದಗಿರಿ, ಶಹಾಪುರ, ಸುರಪುರದ ಕಡೆ ಇದಕ್ಕೆ ಸರಿಸಾಟಿಯಾದ ಮಾತು ಜನರ ಬಾಯಲ್ಲೇ ಇದೆ: ಕುಂದ್ರಸು. ಚೌತಿಗೆ ಗಣಪತಿ ಕುಂದ್ರಸ್ತಾರ, ಹೊಲದಾಗ ಮೋಟರ್ ಕುಂದ್ರಸ್ತಾರ. ‘ಕುಳ್ಳಿರಿಸು’ ಸವೆದು ಆದ ರೂಪವಿದು. ಗಡಿಯಾಚೆಯ ತೆಲುಗಿನಲ್ಲಿ ‘ಕೂರ್ಚೋಬೆಟ್ಟು’. ಗಣಕ ತರಗತಿಯಲ್ಲಿ ಮೇಷ್ಟ್ರು ತಂತ್ರಾಂಶದ ಕಟ್ಟೊಂದನ್ನು ತೋರಿಸಿ ‘ಪ್ಯಾಕೇಜ್ ಕುಂದ್ರಸ್ರಿ’ ಎಂದರೆ ಯಾವ ಹುಡುಗನಿಗೂ ನಿಘಂಟು ಬೇಡ.

ಆದರೂ ‘ಅನು’ ಸುಮ್ಮನೆ ಬಂದದ್ದಲ್ಲ ಎನಿಸುತ್ತದೆ. ಅದಕ್ಕೆ ‘ಹಿಂಬಾಲಿಸಿ’ ಎಂಬ ಅರ್ಥವಿದೆ. ಲಿನಕ್ಸಿನ ಆದೇಶ ಕಿಟಕಿಯಾದ ಟರ್ಮಿನಲ್‌ನಲ್ಲಿ ‘ಸುಡೋ ಆಪ್ಟ್ ಇನ್‌ಸ್ಟಾಲ್’ ಎಂದು ಟೈಪಿಸಿ ಒಂದು ಪ್ಯಾಕೇಜಿನ ಹೆಸರು ಕೊಟ್ಟರೆ, ಅದು ನೆಚ್ಚಿಕೊಂಡ ಉಳಿದ ಪ್ಯಾಕೇಜುಗಳೂ ಜೊತೆಗೇ ಬರುತ್ತವೆ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಗಾಗಿ 1998ರಲ್ಲಿ ಬಂದ ಆಪ್ಟ್ ಎಂಬ ಪ್ಯಾಕೇಜ್ ನಿರ್ವಾಹಕದ ಹೆಚ್ಚುಗಾರಿಕೆಯೇ ಅದು.

ಅನುಸ್ಥಾಪಿಸಿದ್ದನ್ನು ತೆಗೆಯುವುದಕ್ಕೆ ಆಪ್ಟ್‌ನಲ್ಲಿ ಎರಡು ಆದೇಶಗಳಿವೆ. ‘ರಿಮೂವ್’ ಪ್ಯಾಕೇಜನ್ನು ತೆಗೆದರೂ ಅದರ ಸಂರಚನಾ ಕಡತಗಳನ್ನು ಉಳಿಸುತ್ತದೆ. ‘ಪರ್ಜ್’ ಅವನ್ನೂ ಅಳಿಸುತ್ತದೆ. ಎರಡನ್ನೂ ‘ತೆಗೆದುಹಾಕು’ ಎಂದರೆ ಕಲಿಯುವವರಿಗೆ ತೊಡಕು. ಎರಡನೆಯದಕ್ಕೆ ‘ಬೇರುಸಹಿತ ಕೀಳು’ ಎನ್ನಬಹುದು.