ಕಾಗುಣಿತದ ತೊಡಕು

ಕಥೆಯನ್ನು ಒಮ್ಮೆ ಕೇಳಿ ಹಾಗೆಯೇ ಒಪ್ಪಿಸುವ, ಸಂತೆಯ ಲೆಕ್ಕವನ್ನು ಬಾಯಲ್ಲೇ ಬಿಡಿಸುವ ಬಾಲಕನು ಬಳಪ ಹಿಡಿದೊಡನೆ ಒತ್ತಕ್ಷರವನ್ನು ನುಂಗಿ, ದೀರ್ಘವನ್ನು ಹ್ರಸ್ವಗೊಳಿಸಿ, ಗೆರೆ ಬಿಟ್ಟು ಜಾರುವ ಬರೆಹವನ್ನು ಮುಂದಿಟ್ಟರೆ, ಅವನನ್ನು ಸೋಮಾರಿಯೆನ್ನುವುದು ನಮ್ಮಲ್ಲಿ ಬಹುಕಾಲದ ರೂಢಿ.

ಈ ರೂಢಿಯನ್ನು ಪ್ರಶ್ನಿಸಿದ ಶಾಸ್ತ್ರಕ್ಕೆ ಶತಮಾನ ಮೀರಿದ ಇತಿಹಾಸವುಂಟು. 1877ರಲ್ಲಿ ಜರ್ಮನಿಯ ವೈದ್ಯ ಕುಸ್‌ಮೌಲ್ 'ಪದಾಂಧತೆ'ಯನ್ನೂ, 1887ರಲ್ಲಿ ನೇತ್ರವೈದ್ಯ ಬರ್ಲಿನ್ ಓದಿನ ತೊಡಕಾದ 'ಡಿಸ್ಲೆಕ್ಸಿಯಾ'ವನ್ನೂ ಹೆಸರಿಸಿದಾಗ ಅವರ ದೃಷ್ಟಿಯಲ್ಲಿದ್ದವರು ಮಿದುಳಿನ ವ್ಯಾಧಿಗೆ ತುತ್ತಾದ ಪ್ರೌಢರು. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ವರ್ಣಿಸಿದ 14 ವರ್ಷದ ಪರ್ಸಿ ಎಂಬ ಬಾಲಕನಾದರೋ ಆರೋಗ್ಯವಂತನೂ ಕುಶಾಗ್ರಮತಿಯೂ ಆಗಿದ್ದು, ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದಾಗಿ ಬರೆದಿದ್ದನು. ಪಾಠವೆಲ್ಲ ಬಾಯಿಂದಲೇ ನಡೆದಿದ್ದರೆ ಶಾಲೆಗೆ ಅವನೇ ಮೊದಲಿಗನೆಂದು ಅವನ ಗುರುಗಳೇ ಭಾವಿಸಿದ್ದರು.

ಆದರೆ ಇಂಗ್ಲಿಷಿನ ಅಳತೆಗೋಲು ಕನ್ನಡಕ್ಕೆ ಹೊಂದದು. ವ್ಯಂಜನ, ಸ್ವರಚಿಹ್ನೆ, ಒತ್ತುಗಳು ಕೂಡಿ ನೂರಾರು ರೂಪ ತಾಳುವ ನಮ್ಮ ಲಿಪಿಯಲ್ಲಿ, 'ಸರ್ಪ'ವೆಂಬಲ್ಲಿ ಮೊದಲು ಕೇಳುವ ರಕಾರವನ್ನು ಪಕಾರದ ಬಳಿಕ ಬರೆಯಬೇಕು. ಕಿವಿಯ ಕ್ರಮವೊಂದು, ಕೈಯ ಕ್ರಮವೊಂದು. ಮಾತಿನ ಬಿಡಿ ಧ್ವನಿಗಳ ಅರಿವೇ ಓದಿಗೆ ಆಧಾರವೆನ್ನುವ ಧ್ವನಿಮಾಕೇಂದ್ರಿತ ಸಿದ್ಧಾಂತವು ಅಕ್ಷರಲಿಪಿಗೆ ಎಷ್ಟು ಸಲ್ಲುತ್ತದೆಂದು 1990ರ ದಶಕದಲ್ಲಿ ಸಂಶೋಧಕಿ ಪ್ರತಿಭಾ ಕಾರಂತರೂ ಸಹೋದ್ಯೋಗಿಗಳೂ ಕೇಳಿದರು. ಸೋನಾಲಿ ನಾಗ್ ಅವರ 2007ರ ಅಧ್ಯಯನವು, ಕನ್ನಡದ ಅಕ್ಷರಸಮೂಹ ಕೈವಶವಾಗಲು ಮೊದಲ ಒಂದೆರಡು ತರಗತಿಗಳು ಸಾಲವೆಂದು ತೋರಿಸಿತು. ಎರಡನೆಯ ತರಗತಿಯ ತಪ್ಪಿಗೆ ಬೆತ್ತ ಹಿಡಿಯುವವರು ಇದನ್ನೊಮ್ಮೆ ಮನನಮಾಡಬೇಕು.

ರಾಯಚೂರು ಸೀಮೆಯಲ್ಲಿ ಮತ್ತೊಂದು ವಿವೇಚನೆ ಅವಶ್ಯ. ಮನೆಯಲ್ಲಿ 'ಮನಿ', 'ಸಾಲಿ' ಎನ್ನುವ ಮಗು ಹಾಗೆಯೇ ಬರೆದರೆ ಅದು ಕೇಳಿದ್ದಕ್ಕೆ ನಿಷ್ಠೆಯೇ ಹೊರತು ದೋಷವಲ್ಲ. ರಾಯಚೂರು ನಗರದಲ್ಲಿ ಉರ್ದು ಕಲಿಯುವ ಮಗುವಿನ ಕೈ ಬಲದಿಂದ ಎಡಕ್ಕೂ ನಡೆಯಬೇಕು. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಸಾಕ್ಷರತೆ ಶೇಕಡ 60ನ್ನೂ ಮುಟ್ಟಿರಲಿಲ್ಲವಾಗಿ, ಎಷ್ಟೋ ಮನೆಗಳಲ್ಲಿ ಪಾಟಿ ನೋಡಿ ತಿದ್ದುವವರಿಲ್ಲ. ಇವೆಲ್ಲವನ್ನು ಕಳೆದ ಮೇಲೂ ಉಳಿಯುವ ತೊಡಕೇ ನಿಜವಾದ ಕಲಿಕಾನ್ಯೂನತೆ. ಅದನ್ನು ಗುರುತಿಸಬಲ್ಲ ಮೈಸೂರಿನ ವಾಕ್‌ಶ್ರವಣ ಸಂಸ್ಥೆಯೂ ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಜಿಲ್ಲೆಯ ದೇವದುರ್ಗಕ್ಕೆ ಬಹು ದೂರ.

ಚೀಕಲಪರ್ವಿಯ ವಿಜಯದಾಸರ, ಮಾನ್ವಿಯ ಜಗನ್ನಾಥದಾಸರ ಕೃತಿಗಳನ್ನು ಓದುಬರೆಹವರಿಯದ ಎಷ್ಟೋ ತಾಯಂದಿರು ಕಿವಿಯಿಂದಲೇ ಕಲಿತು ಉಳಿಸಿಕೊಂಡ ನಾಡಿದು. ಇಲ್ಲಿ ಕೈಬರೆಹವೊಂದನ್ನೇ ಜ್ಞಾನದ ಪ್ರಮಾಣವೆನ್ನುವುದು ಅನ್ಯಾಯ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಬರೆಹದ ಈ ನ್ಯೂನತೆಯನ್ನೂ ಅಂಗೀಕರಿಸಿದೆ. ಈ ನ್ಯೂನತೆಯನ್ನು ಗುರುತಿಸುವ ತಜ್ಞರು ಬರುವವರೆಗೆ, ಅಧ್ಯಾಪಕ ಮಹಾಶಯರೇ, ಕೆಂಪು ಶಾಯಿಯನ್ನು ಬದಿಗಿಟ್ಟು, ಆ ಮಗುವಿನ ಉತ್ತರವನ್ನು ಒಮ್ಮೆ ಬಾಯಿಂದ ಕೇಳಿರಿ.