ಮೂರ್ ಮಾರ್ಕೆಟ್ ಹೋದ ಮೇಲೆ ಪಾರ್ಕು ಬಂತೇ?

ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದು ಹೊರಗೆ ಬಂದರೆ ಬಲಗಡೆ ಲೋಕಲ್ ರೈಲುಗಳ ನಿಲ್ದಾಣ, ಅದರಾಚೆ ಕೆಂಪು ಇಟ್ಟಿಗೆಯ ವಿಕ್ಟೋರಿಯಾ ಪಬ್ಲಿಕ್ ಹಾಲ್, ಪಕ್ಕದಲ್ಲಿ ಬಿಳಿಯ ರಿಪ್ಪನ್ ಬಿಲ್ಡಿಂಗ್. ಈ ಮೂರೂ ನಿಂತಿರುವುದು ಒಂದು ಉದ್ಯಾನದ ನೆಲದಲ್ಲಿ ಎಂದರೆ ಇಂದು ನಂಬುವುದು ಕಷ್ಟ.

1859ರಲ್ಲಿ ಮದರಾಸಿನ ಗವರ್ನರ್ ಆಗಿ ಬಂದ ಚಾರ್ಲ್ಸ್ ಟ್ರೆವೆಲಿಯನ್ ರೂಪಿಸಿದ ಪೀಪಲ್ಸ್ ಪಾರ್ಕ್ ಅದು. 116 ಎಕರೆ, 11 ಕೊಳಗಳು, ವಾದ್ಯಗೋಷ್ಠಿಗೊಂದು ಮಂಟಪ. ಮುಂದೆ ಎಗ್ಮೋರ್ ಮ್ಯೂಸಿಯಂನ ಪ್ರಾಣಿಗಳೂ ಇಲ್ಲಿಗೇ ಬಂದವು. 1883ರಲ್ಲಿ ಸಭಾಂಗಣಕ್ಕೆ ಅಡಿಗಲ್ಲು ಬಿತ್ತು. ಚಿಸಮ್‌ನ ವಿನ್ಯಾಸ, ನಂಬೆರುಮಾಳ್ ಚೆಟ್ಟಿಯ ಕಟ್ಟುಗಾರಿಕೆ. ನಮಗೂ ಅದರ ನಂಟಿದೆ. ಆಗ ಮದರಾಸು ಪ್ರಾಂತ್ಯದಲ್ಲೇ ಇದ್ದ ಬಳ್ಳಾರಿಯಿಂದ ಧರ್ಮವರಂ ಕೃಷ್ಣಮಾಚಾರ್ಯರ ತಂಡ ಬಂದು ಆಡಿದ ತೆಲುಗು ನಾಟಕಗಳನ್ನು ನೋಡಿಯೇ ಪಮ್ಮಲ್ ಸಂಬಂಧ ಮುದಲಿಯಾರರು 1891ರಲ್ಲಿ ಸುಗುಣ ವಿಲಾಸ ಸಭಾ ಕಟ್ಟಿದ್ದು. ಆ ಸಭಾದ ನಾಟಕಗಳಿಗೆ ಈ ಹಾಲ್ ಮನೆಯಂತಾಯಿತು. 1897ರಲ್ಲಿ ವಿವೇಕಾನಂದರು ಮಾತನಾಡಿದ್ದೂ ಇಲ್ಲಿಯೇ.

ಉದ್ಯಾನದೊಳಗಿನ ಹಳೆಯ ಕಟ್ಟಡವನ್ನು ಅಲ್ಲೇ ಉಳಿಸಬೇಕೇ, ಬೇರೆಡೆಗೆ ಸಾಗಿಸಬೇಕೇ ಎಂಬ ಚರ್ಚೆ ಎಲ್ಲಿ ಎದ್ದರೂ ನನಗೆ ನೆನಪಾಗುವುದು ಇವುಗಳ ನೆರೆಯಲ್ಲಿದ್ದ ಮೂರ್ ಮಾರ್ಕೆಟ್. ಅದೇ ಒಂದು ಸ್ಥಳಾಂತರದ ಫಲ. ಬ್ರಾಡ್‌ವೇಯ ಹಳೆಯ ಮಾರುಕಟ್ಟೆ ಕೊಳಕಾಯಿತೆಂದು ಕಾರ್ಪೊರೇಷನ್ ಅಧ್ಯಕ್ಷ ಜಾರ್ಜ್ ಮೂರ್ 1898ರಲ್ಲಿ ಪಾರ್ಕಿನ ಮೂಲೆಯಲ್ಲಿ ಹೊಸದಕ್ಕೆ ಅಡಿಗಲ್ಲು ಹಾಕಿದ. ಅಂದಿನ ಲೆಕ್ಕದಲ್ಲಿ ಅದು ಒತ್ತುವರಿಯೇ. ಆದರೆ ಹಳೆಯ ಪುಸ್ತಕ, ಗ್ರಾಮಫೋನ್ ಪ್ಲೇಟು, ಸಾಕುಹಕ್ಕಿಗಳ ಆ ಅಂಗಡಿಸಾಲು ಮುಂದಿನ ತಲೆಮಾರುಗಳಿಗೆ ಉದ್ಯಾನಕ್ಕಿಂತ ಹೆಚ್ಚು ಸಾರ್ವಜನಿಕ ಜಾಗವಾಯಿತು.

1985ರ ಮೇ 30ರಂದು ಅದು ಸುಟ್ಟುಹೋಯಿತು. ವ್ಯಾಪಾರಿಗಳಿಗೆ ಹತ್ತಿರದಲ್ಲೇ ಬೇರೆ ಕಟ್ಟಡ ಸಿಕ್ಕಿತು. ತೆರವಾದ ಜಾಗ ಪಾರ್ಕಿಗೆ ಮರಳಲಿಲ್ಲ, ರೈಲ್ವೆಯ ಪಾಲಾಯಿತು. ಅದೇ ವರ್ಷ ಮೃಗಾಲಯ ವಂಡಲೂರಿನಲ್ಲಿ ತೆರೆಯಿತು. ಪ್ರಾಣಿಗಳಿಗೆ ಒಳ್ಳೆಯದೇ ಆಯಿತು, ಆದರೂ ಪಾರ್ಕು ಹಿಂದಿನಂತಾಗಲಿಲ್ಲ. ಈಗ ಆ 116 ಎಕರೆಯಲ್ಲಿ ನೆಹರೂ ಸ್ಟೇಡಿಯಂ ಇದೆ, ಕಚೇರಿಗಳಿವೆ. ಹಸಿರೆನ್ನಲು ಮೈ ಲೇಡೀಸ್ ಗಾರ್ಡನ್ ಎಂಬ ತುಣುಕು ಉಳಿದಿದೆ.

ಕಾರ್ನ್‌ವಾಲಿಸ್‌ನ ಪ್ರತಿಮೆ ಮದರಾಸನ್ನೆಲ್ಲ ಸುತ್ತಿ ಕೊನೆಗೆ ಕೋಟೆಯ ಮ್ಯೂಸಿಯಂ ಸೇರಿತು. ಪ್ರತಿಮೆಗೆ ಅದು ಸಾಧ್ಯ. ಇಟ್ಟಿಗೆ, ಸುಣ್ಣದ ಗಾರೆಯ ಕಟ್ಟಡದ ಮಟ್ಟಿಗೆ ‘ಸ್ಥಳಾಂತರ’ ಎಂದರೆ ಒಳಗಿದ್ದವರನ್ನು ಕಳಿಸಿ ಗೋಡೆ ಕೆಡವುವುದು ಎಂದೇ ಬಹುಮಟ್ಟಿಗೆ ಅರ್ಥ. ಕಬ್ಬನ್ ಪಾರ್ಕಿನ ಅಠಾರಾ ಕಚೇರಿಯನ್ನೂ 1980ರ ದಶಕದಲ್ಲಿ ಕೆಡವುವ ಯೋಚನೆಯಿತ್ತು. ಜನ ಕೋರ್ಟಿಗೆ ಹೋದರು, ಕಟ್ಟಡ ಉಳಿಯಿತು. ಆ ಕೆಂಪು ಗೋಡೆ ಬಿದ್ದಿದ್ದರೆ ಅಲ್ಲಿ ಮರ ನೆಡುತ್ತಿದ್ದರೆಂದು ನನಗಂತೂ ಅನಿಸುವುದಿಲ್ಲ. ಕಟ್ಟಡ ತೆಗೆಯಿರಿ ಎನ್ನುವವರು ತೆರವಾದ ನೆಲ ಯಾರ ಹೆಸರಿಗೆ ಎಂಬುದನ್ನು ಮೊದಲು ಬರೆದುಕೊಡಲಿ.

ಮೂರ್ ಮಾರ್ಕೆಟ್ಟಿನ ವ್ಯಾಪಾರಿಗಳಿಗೆ ಸಿಕ್ಕ ಹೊಸ ಕಟ್ಟಡದ ಹೆಸರು ಅಲ್ಲಿಕುಳಂ ಕಾಂಪ್ಲೆಕ್ಸ್. ಅಲ್ಲಿ ಎಂದರೆ ತಮಿಳಿನಲ್ಲಿ ನೈದಿಲೆ, ಕುಳಂ ಎಂದರೆ ಕೊಳ. ಅದನ್ನು ಕಟ್ಟಿದ್ದು ಪಾರ್ಕಿನ ಆ ಕೊಳವನ್ನು ಮುಚ್ಚಿದ ಜಾಗದಲ್ಲಿ.